ಕೆಂಪಿನ ಬೆಲೆ: ಲೈಕೋಪೀನ್, ಟೊಮೇಟೊ ಮತ್ತು ಹೊಸೂರು ಸೀಮೆಯ ಚರಿತ್ರೆ

  ನನ್ನ ಮಾತನ್ನು ಬರಹಕ್ಕೆ ಇಳಿಸುವಾಗ ಆಡುಮಾತಿನ ಕೆಲವು ರೂಪಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ನನ್ನ ವಿಷಯ ಲೈಕೋಪೀನ್. ಟೊಮೇಟೊ, ಕಲ್ಲಂಗಡಿ, ಕೆಂಪು ಸೀಬೆ, ಕೆಂಪು ಪರಂಗಿ ಇವುಗಳಿಗೆ ಬಣ್ಣ ಕೊಡುವ ವರ್ಣದ್ರವ್ಯ. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನಾನು ಹೊಸೂರು ಸೀಮೆಯವನು. ನಮ್ಮ ಕಡೆ ಟೊಮೇಟೊ ಅಂದ್ರೆ ಬೆಳೆ, ಸಾಲ, ಮಳೆ, ಲಾರಿ, ಮಂಡಿ. ಔಷಧಿ ಅಂಗಡಿಗೆ ಹೋದರೆ ಅದೇ ಹಣ್ಣಿನ ಬಣ್ಣ ಮಾತ್ರೆಯಾಗಿ ಡಬ್ಬಿಯಲ್ಲಿ ಕೂತಿರುತ್ತೆ. ಮೊಬೈಲ್ ತೆರೆದರೆ, "ಟೊಮೇಟೊ ಸಾರಿನ ಗುಣ ನಮ್ಮ ಹಿರಿಯರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು" ಅನ್ನುವ ಸಂದೇಶಗಳು ಬರ್ತಾನೇ ಇರ್ತವೆ. ಬಣ್ಣ ಒಂದೇ, ಅದರ ಬೆಲೆ ಮೂರು ಕಡೆ ಮೂರು ಥರ. ಈ ಬೆಲೆಗಳು ಯಾವಾಗ, ಯಾರಿಂದ ಬಂದವು ಅನ್ನೋದು ನನ್ನ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಲೈಕೋಪೀನಿನ ಆರೋಗ್ಯ ಗುಣದ ಬಗ್ಗೆ ಈವರೆಗೆ ಸಿಕ್ಕಿರುವ ಆಧಾರ ಮಾತ್ರೆಯ ಪರವಾಗಿ ಇಲ್ಲ. ಇರುವಷ್ಟು ಬೆಯಿಸಿದ ಹಣ್ಣಿನ ಪರವಾಗಿದೆ. ಆದರೆ ಅದನ್ನು ಹಿರಿಯರ ಜ್ಞಾನ ಅಂತ ಕರೆಯೋದಕ್ಕೆ ಚರಿತ್ರೆ ಒಪ್ಪೋದಿಲ್ಲ. ಹಾಗೆ ಕರೆದಾಗ, ಈ ಹಣ್ಣನ್ನು ನಮ್ಮ ತಟ್ಟೆಗೆ ನಿಜವಾಗಿ ತಂದವರು ಕಣ್ಣಿಂದ ಮರೆಯಾಗ್ತಾರೆ.

1. ಕೆಂಪು ಎಲ್ಲವೂ ಒಂದೇ ಅಲ್ಲ

ಮೊದಲು ವಸ್ತುವಿನ ಪರಿಚಯ. ಲೈಕೋಪೀನ್ ಕೆರೋಟಿನಾಯ್ಡ್ ಎಂಬ ಗುಂಪಿಗೆ ಸೇರಿದ್ದು. ಒಂದು ಅಣುವಿನಲ್ಲಿ 40 ಇಂಗಾಲ, 56 ಜಲಜನಕದ ಪರಮಾಣುಗಳು. ಕ್ಯಾರೆಟ್ಟಿನ ಬೀಟಾ ಕೆರೋಟಿನ್‌ದೂ ಇದೇ ಲೆಕ್ಕ. ವ್ಯತ್ಯಾಸ ಇರೋದು ಜೋಡಣೆಯಲ್ಲಿ. ಬೀಟಾ ಕೆರೋಟಿನ್‌ನ ಎರಡು ತುದಿಯಲ್ಲೂ ಉಂಗುರಗಳಿವೆ, ಲೈಕೋಪೀನ್ ತುದಿಯಿಂದ ತುದಿಗೆ ಬಿಚ್ಚಿದ ಸರ. ಆ ಸರದಲ್ಲಿ ಸಾಲಾಗಿ ಬರುವ 11 ಜೋಡಿ ಬಂಧಗಳು ಬೆಳಕಿನ ನೀಲಿ, ಹಸಿರು ಭಾಗವನ್ನು ಹೀರಿಕೊಳ್ತವೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತೆ. ಉಂಗುರ ಇಲ್ಲದ್ದರಿಂದ ನಮ್ಮ ದೇಹ ಲೈಕೋಪೀನನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಲಾರದು. ಈ ಮಾತು ಕೊನೆಯ ಚರ್ಚೆಯಲ್ಲಿ ಮತ್ತೆ ಬರುತ್ತೆ.

ಕೆಂಪಾಗಿ ಕಂಡದ್ದೆಲ್ಲ ಲೈಕೋಪೀನ್ ಅಲ್ಲ. ದಾಳಿಂಬೆ, ನೇರಳೆ, ಸ್ಟ್ರಾಬೆರಿಗಳದ್ದು ಆಂಥೋಸಯನಿನ್, ಬೀಟ್‌ರೂಟಿನದ್ದು ಬೀಟಾಲೈನ್. ಒಣಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್. ಜಾಹೀರಾತುಗಳು ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ "ಕೆಂಪು ಹಣ್ಣು ತಿನ್ನಿ" ಅಂತವೆ, ಅಷ್ಟೇ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಟೊಮೇಟೊದಲ್ಲಿ ಸುಮಾರು 2.5 ಮಿಲಿಗ್ರಾಂ, ಕಲ್ಲಂಗಡಿಯಲ್ಲಿ ಸುಮಾರು 4.5, ಕೆಂಪು ಸೀಬೆಯಲ್ಲಿ 5ಕ್ಕಿಂತ ಸ್ವಲ್ಪ ಹೆಚ್ಚು ಲೈಕೋಪೀನ್ ಇರುತ್ತೆ. ತಳಿ, ಮಣ್ಣು, ಮಾಗಿದ ಮಟ್ಟದ ಮೇಲೆ ಇದು ಬದಲಾಗುತ್ತೆ. ನಮ್ಮ ದೇಶದ ಮಟ್ಟಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಕೋಷ್ಟಕಗಳಲ್ಲಿ ಲೈಕೋಪೀನಿಗೆ ಪ್ರತ್ಯೇಕ ಕಾಲಂ ಇದೆ.

ಈ ಹಣ್ಣುಗಳ ಊರು ಯಾವುದು ನೋಡಿ. ಟೊಮೇಟೊ, ಸೀಬೆ, ಪರಂಗಿ ಮೂರೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ಕಲ್ಲಂಗಡಿಯ ಮೂಲ ಆಫ್ರಿಕ. ಹಾಗಾದ್ರೆ ನಮ್ಮ ನೆಲದಲ್ಲಿ ಲೈಕೋಪೀನ್ ಇರಲೇ ಇಲ್ವಾ? ಇತ್ತು. ಮಾಗಿದ ತೊಂಡೆಹಣ್ಣಿನಲ್ಲಿ ಇದೆ, ಹಾಗಲಕಾಯಿ ಹಣ್ಣಾಗಿ ಬಿರಿದಾಗ ಬೀಜದ ಸುತ್ತ ಕಾಣುವ ಕೆಂಪು ತಿರುಳಿನಲ್ಲೂ ಇದೆ. ಸಂಸ್ಕೃತ ಕವಿಗಳ ಬಿಂಬಾಧರ, ನಮ್ಮ ಹಳೆಯ ಕಾವ್ಯಗಳ ತೊಂಡೆದುಟಿ, ಎರಡೂ ಈ ಹಣ್ಣಿನ ಕೆಂಪನ್ನೇ ನೋಡಿ ಹುಟ್ಟಿದ ಮಾತು. ಆದರೆ ನಾವು ತಿಂದದ್ದು ಹಸಿರು ತೊಂಡೆಕಾಯಿ. ಹಣ್ಣನ್ನು ಗಿಳಿಗೆ ಬಿಟ್ಟೆವು. ಹಾಗಲಕಾಯಿಯೂ ಅಷ್ಟೇ, ಹಣ್ಣಾಯ್ತು ಅಂದ್ರೆ ಬೀಜಕ್ಕೆ. ಅಂದ್ರೆ ಈ ಕೆಂಪು ನಮ್ಮ ಭಾಷೆಯಲ್ಲಿ ಚೆಲುವಿನ ಮಾತಾಗಿ ಬಹಳ ಮೊದಲೇ ಇತ್ತು, ಊಟವಾಗಿ ಬಂದದ್ದು ತಡವಾಗಿ.

2. ಹೆಸರು ಹುಟ್ಟಿದ ಬಗೆ

ಲೈಕೋಪೀನನ್ನು ಮೊದಲು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು ಟೊಮೇಟೊದಿಂದಲ್ಲ. 1873ರಲ್ಲಿ ಹಾರ್ಟ್‌ಸೆನ್ ಎಂಬಾತ ಯುರೋಪಿನ ಬ್ಲ್ಯಾಕ್ ಬ್ರಯೋನಿ ಎಂಬ ಕಾಡುಬಳ್ಳಿಯ ಕೆಂಪು ಹಣ್ಣಿನಿಂದ ತೆಗೆದ. ಟೊಮೇಟೊದಿಂದ ಮಿಲಾರ್ಡೆ 1876ರಲ್ಲಿ ತೆಗೆದು ಸೊಲನೊರುಬಿನ್ ಅಂತ ಕರೆದ. 1903ರಲ್ಲಿ ಶುಂಕ್ ಇದು ಹೀರುವ ಬೆಳಕಿನ ಪಟ್ಟಿಗಳು ಕೆರೋಟಿನ್‌ಗಿಂತ ಬೇರೆ ಎಂದು ತೋರಿಸಿ, ಈಗಿರುವ ಹೆಸರನ್ನು ಇಟ್ಟ. 1910ರಲ್ಲಿ ವಿಲ್‌ಸ್ಟೆಟರ್ ಮತ್ತು ಎಷರ್ ಅಣುಸೂತ್ರ ಕಂಡುಕೊಂಡರು. ಪೂರ್ತಿ ರಚನೆಯನ್ನು 1930ರ ಹೊತ್ತಿಗೆ ಬಿಡಿಸಿದ್ದು ಜ್ಯೂರಿಕ್‌ನ ಪಾಲ್ ಕಾರರ್. ಕೆರೋಟಿನಾಯ್ಡ್ ಮತ್ತು ಜೀವಸತ್ವಗಳ ಕೆಲಸಕ್ಕಾಗಿ ಅವರಿಗೆ 1937ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹೆಸರಿನ ಮೂಲ ಲೈಕೋಪರ್ಸಿಕಮ್, ಅಂದ್ರೆ ತೋಳದ ಪೀಚ್ ಹಣ್ಣು. ಯುರೋಪಿನವರು ಬಹಳ ಕಾಲ ಈ ಹಣ್ಣನ್ನು ಅನುಮಾನದಿಂದ ನೋಡಿದರು ಅನ್ನೋದಕ್ಕೆ ಹೆಸರೇ ಸಾಕ್ಷಿ.

ಈ ಪಟ್ಟಿಯಲ್ಲಿ ನಮ್ಮ ಸೀಮೆಗೆ ಬೇಕಾದ ಒಂದು ಹೆಸರು ಸಾಮಾನ್ಯವಾಗಿ ಬಿಟ್ಟುಹೋಗುತ್ತೆ. ಅದು ಅಮೆರಿಕದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಮುಂದೆ ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಕಂಡುಹಿಡಿದವರೂ ಇವರೇ. 1913ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕೂ ಹೆಚ್ಚಿನ ಶಾಖದಲ್ಲಿ ಇಟ್ಟ ಟೊಮೇಟೊ ಮಾಗಿದರೂ ಹಳದಿಯಾಗೇ ಉಳಿಯುತ್ತೆ, ಅದೇ ಹಣ್ಣನ್ನು ತಂಪಿಗೆ ತಂದರೆ ಕೆಂಪು ಕಟ್ಟುತ್ತೆ ಅಂತ ಅವರು ತೋರಿಸಿದರು. ಹಳದಿ ಬಣ್ಣದ ಕೆರೋಟಿನ್ ಶಾಖದಲ್ಲೂ ತಯಾರಾಗುತ್ತೆ, ಲೈಕೋಪೀನ್ ಮಾತ್ರ ನಿಂತುಹೋಗುತ್ತೆ.

ಇದನ್ನು ನಕ್ಷೆಯ ಮೇಲಿಟ್ಟು ನೋಡಿ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಪ್ರಸ್ಥಭೂಮಿಯ ಅಂಚು. ಶೂಲಗಿರಿ ದಾಟಿ ಇಳಿದು ಕೃಷ್ಣಗಿರಿಗೆ ಹೋದ್ರೆ ಗಾಳಿಯೇ ಬೇರೆ, ಊರು ಬಹಳ ತಗ್ಗಿನಲ್ಲಿದೆ. ತಳಿ, ಕೆಲಮಂಗಲ, ರಾಯಕೋಟೆ, ಬೇರಿಕೆ, ಬಾಗಲೂರಿನ ತಂಪು ರಾತ್ರಿಗಳು ಹಣ್ಣಿಗೆ ಬಣ್ಣ ಕಟ್ಟಿಕೊಡುತ್ತವೆ. "ಬೇಸಿಗೇಲಿ ಹಣ್ಣು ಬಣ್ಣ ತಿರುಗಲ್ಲ, ಹಳದಿಗೇ ನಿಂತ್ಬಿಡುತ್ತೆ" ಅನ್ನೋ ಮಾತು ನಮ್ಮ ಹೊಲಗಳಲ್ಲಿ ಸಾಮಾನ್ಯ. ಡಗ್ಗರ್ ಪ್ರಯೋಗಾಲಯದಲ್ಲಿ ಅಳೆದದ್ದನ್ನೇ ನಮ್ಮ ರೈತರು ಹೊಲದಲ್ಲಿ ನೋಡ್ತಾ ಇದ್ದಾರೆ.

3. ಚಪ್ಪರಬದನೆ ನಮ್ಮ ಕಡೆಗೆ ಬಂದದ್ದು

ಯುರೋಪಿನಲ್ಲಿ ಟೊಮೇಟೊವನ್ನು ಮೊದಲು ಬರವಣಿಗೆಯಲ್ಲಿ ವರ್ಣಿಸಿದ್ದು ಇಟಲಿಯ ಮತ್ತಿಯೋಲಿ, 1544ರಲ್ಲಿ. ಅಲ್ಲಿ ಈ ಹಣ್ಣಿಗೆ ನಿಂತ ಹೆಸರಿನ ಅರ್ಥ ಚಿನ್ನದ ಸೇಬು. ಮೊದಲು ಅವರ ಗಮನ ಸೆಳೆದದ್ದು ಹಳದಿ ಹಣ್ಣು ಅನ್ನೋದು ಇದರಿಂದ ತಿಳಿಯುತ್ತೆ. ಭಾರತಕ್ಕೂ ಅದು ಯುರೋಪಿನವರ ಜೊತೆಯೇ ಬಂತು, ಆದರೆ ಮೆಣಸಿನಕಾಯಿಯಷ್ಟು ಬೇಗ ಒಳಗೆ ಬರಲಿಲ್ಲ. 1889ರಿಂದ ಪ್ರಕಟವಾದ ಜಾರ್ಜ್ ವಾಟ್ ಅವರ ಆರ್ಥಿಕ ಉತ್ಪನ್ನಗಳ ನಿಘಂಟು, ಟೊಮೇಟೊವನ್ನು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ, ಬಂಗಾಳಿಗಳೂ ಬರ್ಮದವರೂ ಹುಳಿ ಪದಾರ್ಥಗಳಿಗೆ ಬಳಸುತ್ತಾರೆ ಎಂಬ ಅರ್ಥದಲ್ಲಿ ಬರೆಯುತ್ತೆ. ಅಂದ್ರೆ ಇವತ್ತಿಗೆ ನೂರಮೂವತ್ತು ಚಿಲ್ಲರೆ ವರ್ಷದ ಹಿಂದೆಯೂ ಟೊಮೇಟೊ ನಮ್ಮ ಕಡೆಯ ಸಾಮಾನ್ಯ ಮನೆಯ ಪದಾರ್ಥ ಆಗಿರಲಿಲ್ಲ. ಹುಳಿಗೆ ಹುಣಸೆ ಇತ್ತು, ನಿಂಬೆ ಇತ್ತು, ಮಾವಿನಕಾಯಿ ಇತ್ತು.

ಹೆಸರುಗಳೂ ಇದನ್ನೇ ಹೇಳ್ತವೆ. ಹೊಸ ತರಕಾರಿಗೆ ನಮ್ಮವರು ಗೊತ್ತಿದ್ದ ತರಕಾರಿಯ ಹೆಸರನ್ನೇ ಕೊಡ್ತಾರೆ. ಹಳೇ ಮೈಸೂರು ಕಡೆ ಟೊಮೇಟೊಗೆ ಚಪ್ಪರಬದನೆ ಅಂದರು. ಗಿಡ ಬದನೆಯ ಕುಲ, ಕೋಲು ಕೊಟ್ಟು ಎತ್ತಬೇಕು, ಹೆಸರು ಸರಿಯಾಗೇ ಇದೆ. ತಮಿಳಿನ ತಕ್ಕಾಳಿ ಬೇರೆ ದಾರಿ ಹಿಡಿಯಿತು. ನಾವು ಗಣಿಕೆಸೊಪ್ಪು ಅನ್ನುವ ಗಿಡ ತಮಿಳಿನಲ್ಲಿ ಮಣತ್ತಕ್ಕಾಳಿ. ಅದೇ ಕುಲದ ದೊಡ್ಡ ಹಣ್ಣು ಬಂದಾಗ ಸೀಮೈ ತಕ್ಕಾಳಿ ಆಯ್ತು, ಆಮೇಲೆ ಸೀಮೈ ಬಿದ್ದುಹೋಯ್ತು. ಹೊಸೂರು ಮಂಡಿಯಲ್ಲಿ ನಿಂತರೆ ಟೊಮೇಟೊ, ಟಮಾಟ, ತಕ್ಕಾಳಿ ಮೂರೂ ಒಂದೇ ಉಸಿರಿನಲ್ಲಿ ಕೇಳಿಸ್ತವೆ. ಚಪ್ಪರಬದನೆ ಮಾತ್ರ ಈಗ ನಿಘಂಟಿನಲ್ಲಿ ಸಿಗೋ ಮಾತಾಗಿದೆ.

ಈ ಮೂರು ಭಾಷೆಯ ಮಂಡಿಗೂ ಒಂದು ರಾಜಕೀಯ ಚರಿತ್ರೆ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಸೀಮೆ ಮೈಸೂರಿನಿಂದ ಕಂಪನಿಯ ಕೈಗೆ ಹೋಯ್ತು, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೊಸೂರು ಭಾಗವೂ ಸೇರಿತು. ಸೇಲಂ ಜಿಲ್ಲೆಯಲ್ಲಿದ್ದ ಈ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸಿನಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಹೋಯ್ತು. ಆಡಳಿತ ತಿರುಗಿದ್ದು ದಕ್ಷಿಣಕ್ಕೆ. ತರಕಾರಿ ಗಾಡಿ ತಿರುಗಿದ್ದು ಉತ್ತರಕ್ಕೆ, 40 ಕಿಲೋಮೀಟರ್ ದೂರದ ಬೆಂಗಳೂರಿಗೆ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಯೂರಿದ ಮೇಲೆ ಅಲ್ಲಿ ಇಂಗ್ಲಿಷ್ ತರಕಾರಿಗಳಿಗೆ ಗಿರಾಕಿ ಹುಟ್ಟಿತು, ಲಾಲ್‌ಬಾಗ್ ಹೊಸ ಗಿಡಗಳ ಪ್ರಯೋಗಶಾಲೆ ಆಯ್ತು. ನಮ್ಮ ಸುತ್ತಿನ ತರಕಾರಿ ಬೇಸಾಯವನ್ನು ಆ ನಗರದ ಹಸಿವಿನಿಂದ ಬೇರೆ ಮಾಡಿ ನೋಡೋಕಾಗಲ್ಲ.

ಆದರೆ ಟೊಮೇಟೊ ಇಷ್ಟು ದೊಡ್ಡ ಬೆಳೆಯಾದದ್ದು ಸ್ವಾತಂತ್ರ್ಯದ ನಂತರ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಶುರುವಾಯ್ತು. ಅರ್ಕಾ ವಿಕಾಸ್, ಅರ್ಕಾ ಸೌರಭ್, ಆಮೇಲೆ ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ಅಲ್ಲಿಂದ ಬಂದ ತಳಿಗಳು. ಮನಮೋಹನ್ ಅತ್ತಾವರ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ "ಕರ್ನಾಟಕ" ಎಂಬ ಹೆಸರಿನ ಹೈಬ್ರಿಡ್ ಟೊಮೇಟೊ ಬಿಡುಗಡೆ ಮಾಡಿತು. ಈ ಬೀಜ, ಕೊಳವೆಬಾವಿ, ಹೆದ್ದಾರಿ ಮೂರೂ ಸೇರಿದ ಮೇಲೆ ಕೋಲಾರದಿಂದ ರಾಯಕೋಟೆಯವರೆಗಿನ ನೆಲ ದಕ್ಷಿಣ ಭಾರತಕ್ಕೆ ಕೆಂಪು ಒದಗಿಸುವ ಸೀಮೆಯಾಯ್ತು.

4. ಬಣ್ಣ ಔಷಧಿಯಾದದ್ದು

ಕಾರರ್ ಕಾಲದಲ್ಲಿ ಲೈಕೋಪೀನ್ ಬರೀ ಬಣ್ಣ. ಎ ಜೀವಸತ್ವ ಆಗಲ್ಲ ಅಂತ ಗೊತ್ತಾದ ಮೇಲೆ ಪೋಷಣೆ ವಿಜ್ಞಾನ ಅದನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟಿತ್ತು. ತಿರುವು ಬಂದದ್ದು 1989ರಲ್ಲಿ. ಡಿ ಮಾಷಿಯೊ, ಕೈಸರ್ ಮತ್ತು ಸೀಸ್ ಎಂಬ ವಿಜ್ಞಾನಿಗಳು, ಜೀವಕೋಶಕ್ಕೆ ಹಾನಿ ಮಾಡುವ ಸಿಂಗ್ಲೆಟ್ ಆಕ್ಸಿಜನ್ ಅನ್ನು ತಣಿಸುವುದರಲ್ಲಿ ತಾವು ಪರೀಕ್ಷಿಸಿದ ಕೆರೋಟಿನಾಯ್ಡ್‌ಗಳ ಪೈಕಿ ಲೈಕೋಪೀನ್ ಎಲ್ಲಕ್ಕಿಂತ ಸಮರ್ಥ ಎಂದು ತೋರಿಸಿದರು. ಇದು ಗಾಜಿನ ನಳಿಕೆಯ ಫಲಿತಾಂಶ, ಮನುಷ್ಯರದ್ದಲ್ಲ. "ಶಕ್ತಿಶಾಲಿ ಆಂಟಿಆಕ್ಸಿಡೆಂಟ್" ಅಂತ ಡಬ್ಬಿಯ ಮೇಲೆ ಬರೆಯೋದಕ್ಕೆ ಇಲ್ಲಿಂದ ದಾರಿಯಾಯ್ತು.

1995ರ ಡಿಸೆಂಬರಿನಲ್ಲಿ ಹಾರ್ವರ್ಡ್‌ನ ಜೊವಾನೂಚಿ ಮತ್ತು ಸಂಗಡಿಗರು, ಅಮೆರಿಕದ ಆರೋಗ್ಯ ವೃತ್ತಿಯ 47,894 ಗಂಡಸರ ಆಹಾರ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಸಂಬಂಧವನ್ನು ಪ್ರಕಟಿಸಿದರು. 46 ಹಣ್ಣು ತರಕಾರಿ ಪದಾರ್ಥಗಳಲ್ಲಿ ನಾಲ್ಕಕ್ಕೆ ಮಾತ್ರ ಕಡಿಮೆ ಅಪಾಯದ ಜೊತೆ ಸ್ಪಷ್ಟ ನಂಟು ಕಂಡಿತು: ಟೊಮೇಟೊ ಸಾಸ್, ಟೊಮೇಟೊ, ಪೀಟ್ಜಾ, ಸ್ಟ್ರಾಬೆರಿ. ಮೊದಲ ಮೂರರಲ್ಲಿ ಲೈಕೋಪೀನ್ ಇದೆ, ಸ್ಟ್ರಾಬೆರಿಯದು ಬೇರೆ ಕೆಂಪು ಅಂತ ಆಗಲೇ ಹೇಳಿದೆ. ಪತ್ರಿಕೆಗಳು ಸ್ಟ್ರಾಬೆರಿಯನ್ನು ಬಿಟ್ಟವು, ಲೈಕೋಪೀನನ್ನು ಹಿಡಿದವು. ಇದು ಜನರನ್ನು ಗಮನಿಸಿ ಮಾಡಿದ ಅಧ್ಯಯನ. ಒಟ್ಟಿಗೆ ಕಂಡದ್ದು ಕಾರಣವೇ ಆಗಬೇಕಿಲ್ಲ. ರಾಯಕೋಟೆ ಹೊಲದಲ್ಲಿ ಕೂಲಿಗೆ ಹಣ್ಣು ಕೀಳುವ ಹೆಂಗಸಿನ ಆರೋಗ್ಯದ ಬಗ್ಗೆ ಅದು ನೇರವಾಗಿ ಏನನ್ನೂ ಹೇಳೋದಿಲ್ಲ.

ಹತ್ತು ವರ್ಷದ ನಂತರ, 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಗಿನವರೆಗಿನ ಆಧಾರಗಳನ್ನೆಲ್ಲ ತೂಗಿ ನೋಡಿತು. 2007ರಲ್ಲಿ ಆ ಪರಿಶೀಲನೆ ಸಂಶೋಧನಾ ಪತ್ರಿಕೆಯಲ್ಲೂ ಬಂತು. ಟೊಮೇಟೊಗೂ ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗುವುದಕ್ಕೂ ಬಹಳ ಸೀಮಿತವಾದ ಆಧಾರ ಇದೆ, ಬಿಡಿ ಲೈಕೋಪೀನಿಗೆ ನಂಬಬಹುದಾದ ಆಧಾರ ಇಲ್ಲ ಎಂಬುದು ಅದರ ತೀರ್ಮಾನ. ಹಣ್ಣಿಗೆ ಸ್ವಲ್ಪ, ಮಾತ್ರೆಗೆ ಇಲ್ಲ.

ಮಾತ್ರೆಯ ವಿಷಯದಲ್ಲಿ ಎಚ್ಚರ ಯಾಕೆ ಬೇಕು ಅನ್ನೋದಕ್ಕೆ ಬೀಟಾ ಕೆರೋಟಿನ್‌ನ ಕತೆ ನೆನಪಿಡಬೇಕು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗೋ ಬದಲು 18 ಶೇಕಡ ಹೆಚ್ಚಿತ್ತು. ಅಮೆರಿಕದ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ತರಕಾರಿಯಲ್ಲಿದ್ದಾಗ ಒಳ್ಳೆಯದಾಗಿ ಕಂಡದ್ದು, ಒಂಟಿಯಾಗಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಹಾಗೇ ವರ್ತಿಸಲಿಲ್ಲ.

5. ಒಗ್ಗರಣೆ ಮತ್ತು ಹಿರಿಯರು

ಈಗ ಅಡುಗೆಮನೆಗೆ ಬರೋಣ. 1992ರಲ್ಲಿ ಸ್ಟಾಲ್ ಮತ್ತು ಸೀಸ್ ಒಂದು ಸರಳ ಪ್ರಯೋಗ ಮಾಡಿದರು. ಟೊಮೇಟೊ ರಸವನ್ನು ಹಾಗೇ ಕುಡಿಸಿದಾಗ ರಕ್ತದಲ್ಲಿ ಲೈಕೋಪೀನ್ ಅಷ್ಟಾಗಿ ಏರಲಿಲ್ಲ. 1 ಶೇಕಡ ಮುಸುಕಿನ ಜೋಳದ ಎಣ್ಣೆ ಹಾಕಿ ಒಂದು ಗಂಟೆ ಕುದಿಸಿ ಕುಡಿಸಿದಾಗ ಏರಿತು. ಕಾರಣ ಎರಡು. ಹಣ್ಣಿನಲ್ಲಿ ಲೈಕೋಪೀನ್ ಸಣ್ಣ ಹರಳುಗಳಾಗಿ ಜೀವಕೋಶದ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತೆ, ಬೇಯಿಸಿದಾಗ ಗೋಡೆ ಒಡೆಯುತ್ತೆ. ಅದು ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಬೇಯಿಸಿದರೆ ಸಿ ಜೀವಸತ್ವ ಮಾತ್ರ ಕಡಿಮೆಯಾಗುತ್ತೆ, ಅದೂ ನೆನಪಿರಲಿ.

ನಮ್ಮ ಟೊಮೇಟೊ ಗೊಜ್ಜು ಹೆಚ್ಚುಕಡಿಮೆ ಇದೇ ಅಲ್ವಾ? ಎಣ್ಣೆ, ಸಾಸಿವೆ, ಹೆಚ್ಚಿದ ಹಣ್ಣು, ಎಣ್ಣೆ ಬಿಡುವವರೆಗೂ ಬಾಡಿಸೋದು. ಇಲ್ಲೇ "ಹಿರಿಯರಿಗೆ ಗೊತ್ತಿತ್ತು" ಅನ್ನೋ ವಾದ ಬಾಗಿಲು ತಟ್ಟುತ್ತೆ. ಇತಿಹಾಸ ಓದಿದವರು ಇಲ್ಲಿ ನಿಲ್ಲಬೇಕು. ಒಗ್ಗರಣೆ ಹಳೆಯದು, ಟೊಮೇಟೊ ಹೊಸದು. ಹುಣಸೆಹಣ್ಣಿನ ಗೊಜ್ಜಿಗೆ ಬಳಸುತ್ತಿದ್ದ ಕ್ರಮದೊಳಕ್ಕೆ ಹೊಸ ಹಣ್ಣು ಬಂದು ಕೂತಿತು. ಎಣ್ಣೆ ಹಾಕಿದ್ದು ರುಚಿಗೆ, ಕುದಿಸಿದ್ದು ಹಸಿ ವಾಸನೆ ಹೋಗೋದಕ್ಕೆ. ಅದರಿಂದ ಲೈಕೋಪೀನ್ ಮೈಗೆ ಹತ್ತಿದ್ದು ಅನುಕೂಲವಾದ ಕಾಕತಾಳೀಯ. ಇದನ್ನು ಹೇಳಿದರೆ ಅಡುಗೆ ಮಾಡಿದವರಿಗೆ ಅವಮಾನ ಆಗೋದಿಲ್ಲ. ಗುರುತು ಪರಿಚಯ ಇಲ್ಲದ ಹಣ್ಣನ್ನು ಎರಡು ಮೂರು ತಲೆಮಾರಿನಲ್ಲೇ ಸಾರು, ಗೊಜ್ಜು, ಚಿತ್ರಾನ್ನಗಳಿಗೆ ಒಗ್ಗಿಸಿಕೊಂಡ ಹೆಂಗಸರ ಜಾಣತನ ನಿಜವಾದದ್ದು, ದಾಖಲೆಯಾಗಬೇಕಾದದ್ದು. ಸಾವಿರ ವರ್ಷದ ಸುಳ್ಳು ಅದನ್ನೇ ಅಳಿಸಿಹಾಕುತ್ತೆ.

6. ಕೆಂಪು ಮತ್ತು ಮಂಡಿ

ಕೊನೆಯ ಭಾಗ. ಲೈಕೋಪೀನ್ ಹೆಚ್ಚಾಗಿ ಸೇರೋದು ಹಣ್ಣು ಪೂರ್ತಿ ಕೆಂಪಾಗುವ ಕೊನೆಯ ದಿನಗಳಲ್ಲಿ. ಆದರೆ ದೂರದ ಊರಿಗೆ ಹೋಗಬೇಕಾದ ಹಣ್ಣನ್ನು ಬಣ್ಣ ತಿರುಗುವ ಹೊತ್ತಿಗೇ ಕೀಳ್ತಾರೆ. ಪೂರ್ತಿ ಮಾಗಿದ್ದು ಲಾರಿಯಲ್ಲಿ ಒಡೆಯುತ್ತೆ, ಮಂಡಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಗಟ್ಟಿ ಸಿಪ್ಪೆ, ಒಂದೇ ಗಾತ್ರ, ಹೆಚ್ಚು ದಿನ ಬಾಳಿಕೆ ಇವಕ್ಕೆ ಹಣ ಸಿಗುತ್ತೆ. ವಿಜ್ಞಾನ ಹೊಗಳುವ ಕೆಂಪು, ಮಾರುಕಟ್ಟೆಯ ಲೆಕ್ಕದಲ್ಲಿ ನಷ್ಟದ ಕೆಂಪು.

2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿರುತ್ತೆ. ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳು ಸುದ್ದಿಯಲ್ಲಿ ಅಷ್ಟು ದಿನ ಉಳಿಯೋದಿಲ್ಲ. ಈ ಏರಿಳಿತ ತಗ್ಗಿಸೋದಕ್ಕೆ ಕೇಂದ್ರ ಸರ್ಕಾರ 2018ರ ಬಜೆಟ್ಟಿನಲ್ಲಿ ಟೊಮೇಟೊ, ಈರುಳ್ಳಿ, ಆಲೂಗಡ್ಡೆಗಾಗಿ ಆಪರೇಷನ್ ಗ್ರೀನ್ಸ್ ಎಂಬ ಯೋಜನೆಗೆ 500 ಕೋಟಿ ರೂಪಾಯಿ ಘೋಷಿಸಿತು. ನಮ್ಮದೇ ಜಿಲ್ಲೆಯ ಮಾವನ್ನು ನೋಡಿ. ಕೃಷ್ಣಗಿರಿಯ ತೋತಾಪುರಿ ತಿರುಳು ಮಾಡುವ ಕಾರ್ಖಾನೆಗಳಿಗೆ ಹೋಗಿ ಡಬ್ಬಿಯಲ್ಲಿ ವಿದೇಶಕ್ಕೂ ಹೋಗುತ್ತೆ. ಟೊಮೇಟೊಗೆ ಆ ಪ್ರಮಾಣದ ಆಸರೆ ಸಿಕ್ಕಿಲ್ಲ. ಬೇಯಿಸಿ ಇಟ್ಟರೆ ಪೋಷಣೆಗೂ ಒಳ್ಳೆಯದು, ಬೆಳೆದವರಿಗೂ ಒಳ್ಳೆಯದು ಅನ್ನೋ ಅಪರೂಪದ ಬೆಳೆ ಇದು. ಆದ್ದರಿಂದ ಲೈಕೋಪೀನಿನ ಬಗ್ಗೆ ನಮ್ಮ ಊರಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಪೂರ್ತಿ ಮಾಗಿದ ಹಣ್ಣು ರಸ್ತೆಗೆ ಬೀಳದೆ ಒಲೆಯ ಮೇಲೆ ಹೋಗುವ ಹಾಗೆ ಏನು ಮಾಡಬಹುದು ಅನ್ನೋದು.

ಚರ್ಚೆಯಿಂದ

ಪ್ರಶ್ನೆ: ಹಾಗಾದರೆ ಲೈಕೋಪೀನ್ ಮಾತ್ರೆ ತಗೊಳ್ಳಬಾರದಾ?

ನಾನು ವೈದ್ಯನಲ್ಲ, ಚಿಕಿತ್ಸೆಯ ಮಾತು ವೈದ್ಯರದ್ದು. ಇತಿಹಾಸದಿಂದ ಹೇಳಬಹುದಾದ್ದು ಇಷ್ಟು: ಊಟದ ಬಗ್ಗೆ ಮಾಡಿದ ಅಧ್ಯಯನವನ್ನು ತೋರಿಸಿ ಮಾತ್ರೆ ಮಾರಿದರೆ, ಸಾಕ್ಷಿ ಒಂದರದ್ದು, ಮಾಲು ಇನ್ನೊಂದು.

ಪ್ರಶ್ನೆ: ಅಂಗನವಾಡಿ ಮಕ್ಕಳಿಗೆ ಕಣ್ಣಿನ ದೃಷ್ಟಿಗೆ ಟೊಮೇಟೊ ಕೊಡಿ ಅಂತಾರಲ್ಲ?

ಇಲ್ಲಿ ಮೊದಲ ಭಾಗದ ಉಂಗುರದ ಮಾತು ಬರುತ್ತೆ. ಲೈಕೋಪೀನ್ ಎ ಜೀವಸತ್ವ ಆಗೋದಿಲ್ಲ. ಟೊಮೇಟೊದಲ್ಲಿ ಬೀಟಾ ಕೆರೋಟಿನ್ ಸ್ವಲ್ಪ ಇದೆ, ಆದರೆ ಕಣ್ಣಿಗೆ ಅಂತ ಕೊಡುವುದಾದರೆ ನುಗ್ಗೆಸೊಪ್ಪು, ಕ್ಯಾರೆಟ್, ಮಾವಿನಹಣ್ಣು ಮುಂದೆ ಬರುತ್ತವೆ. ಕೆಂಪು ಜಾಸ್ತಿ ಇದ್ದಷ್ಟೂ ಗುಣ ಜಾಸ್ತಿ ಅನ್ನೋ ಲೆಕ್ಕ ಮಗುವಿನ ತಟ್ಟೆಯಲ್ಲಿ ತಪ್ಪಾಗುತ್ತೆ. ಟೊಮೇಟೊ ಸಾರಿಗೆ ಒಂದು ಹಿಡಿ ನುಗ್ಗೆಸೊಪ್ಪು ಹಾಕಿದರೆ ಎರಡೂ ಆಯ್ತು. ನಮ್ಮ ಕಡೆ ಬೇಲಿಗೊಂದು ನುಗ್ಗೆಮರ ಇದ್ದೇ ಇರುತ್ತೆ.